ಹಾಂಗ್‌ಕಾಂಗ್ ವಿಶ್ವವಿದ್ಯಾಲಯಕ್ಕೆ ಮರುಜೀವ ನೀಡಿದ ಲಿಂಡ್ಸೆ ರೈಡ್

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾದಾಗ ಹಾಂಗ್‌ಕಾಂಗ್ ವಿಶ್ವವಿದ್ಯಾಲಯ ಪಾಳುಬಿದ್ದಿತ್ತು. ಕಟ್ಟಡಗಳ ಮರಮುಟ್ಟು ಲೂಟಿಯಾಗಿ ಸೌದೆಯಾಗಿ ಉರಿದುಹೋಗಿತ್ತು. ಯುದ್ಧಕ್ಕೆ ಮುನ್ನ ಸುಮಾರು 16 ಲಕ್ಷವಿದ್ದ ಜನಸಂಖ್ಯೆ 6 ಲಕ್ಷಕ್ಕೆ ಕುಸಿದಿತ್ತು. ಇಂಥ ಪುಟ್ಟ ವಸಾಹತು ತನ್ನದೇ ವಿಶ್ವವಿದ್ಯಾಲಯವನ್ನು ಸಲಹಬಲ್ಲುದೇ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ತಮ್ಮ ದುಡಿಮೆಯಿಂದಲೇ ಉತ್ತರ ನೀಡಿದವರಲ್ಲಿ ಸರ್ ಲಿಂಡ್ಸೆ ರೈಡ್ ಪ್ರಮುಖರು.

ರೈಡ್ 1898ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಜನಿಸಿದರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಅವರು ವೈದ್ಯಶಾಸ್ತ್ರ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್ ಸೇರಿದರು. 1928ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾದರು.

1941ರ ಕ್ರಿಸ್‌ಮಸ್ ದಿನ ಹಾಂಗ್‌ಕಾಂಗ್ ಜಪಾನಿಗೆ ಶರಣಾಯಿತು. ಸೆರೆಶಿಬಿರಕ್ಕೆ ತಳ್ಳಲ್ಪಟ್ಟ ರೈಡ್, ಮರು ತಿಂಗಳೇ ಮೂವರು ಸಂಗಡಿಗರೊಂದಿಗೆ ತಪ್ಪಿಸಿಕೊಂಡರು. ಅವರಲ್ಲೊಬ್ಬರು ಅವರದೇ ವಿಭಾಗದ ಚೀನೀ ಗುಮಾಸ್ತ. ಚೀನೀ ಗೆರಿಲ್ಲಾಗಳ ನೆರವಿನಿಂದ ಶತ್ರುವಿನ ವಶದಲ್ಲಿಲ್ಲದ ಚೀನಾ ಸೇರಿದ ರೈಡ್, ಸೆರೆಯಾಳುಗಳಿಗೆ ನೆರವಾಗಲು ಬ್ರಿಟಿಷ್ ಆರ್ಮಿ ಏಡ್ ಗ್ರೂಪ್ ಕಟ್ಟಿದರು.

1912ರಲ್ಲಿ ಬಾಗಿಲು ತೆರೆದಿದ್ದ ಈ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡಕ್ಕೆ ಹಣವಿತ್ತವರು ಮುಂಬಯಿ ಮೂಲದ ಪಾರ್ಸಿ ವರ್ತಕ ಹರ್ಮಸ್‌ಜಿ ಮೋದಿ. ಆದರೆ ದಿನನಿತ್ಯದ ಖರ್ಚಿಗೆ ಹಣದ ಅಭಾವ ಆರಂಭದಿಂದಲೂ ಇತ್ತು. ವಸಾಹತಿಗಿಂತ ಹೆಚ್ಚಾಗಿ ಚೀನಾವನ್ನೇ ಕಣ್ಣ ಮುಂದಿಟ್ಟುಕೊಂಡು ಅದನ್ನು ಸ್ಥಾಪಿಸಲಾಗಿತ್ತು. ಹೀಗಾಗಿ ಅದರ ಹೊರೆಯನ್ನು ಸ್ಥಳೀಯ ತೆರಿಗೆದಾರ ಏಕೆ ಹೊರಬೇಕೆಂಬ ವಾದಕ್ಕೂ ಬಲವಿತ್ತು.

1946ರಲ್ಲಿ ಕುಲಪತಿ ಡಂಕನ್ ಸ್ಲಾಸ್ ಅವರ ಆಡಳಿತದಲ್ಲಿ ತರಗತಿಗಳು ಪುನರಾರಂಭಗೊಂಡವು. 1949ರಲ್ಲಿ ಆ ಹೊಣೆ ರೈಡ್ ಅವರ ಹೆಗಲೇರಿತು. ಅದೇ ವರ್ಷ ಚೀನಾದಲ್ಲಿ ಕಮ್ಯುನಿಸ್ಟ್ ಆಡಳಿತ ಬಂದು, ನಿರಾಶ್ರಿತರ ಮಹಾಪೂರ ಹಾಂಗ್‌ಕಾಂಗ್‌ಗೆ ಹರಿಯಿತು. 1950ರ ವೇಳೆಗೆ ಜನಸಂಖ್ಯೆ 20 ಲಕ್ಷ ದಾಟಿತು. ಚೀನಾದ ಬಾಗಿಲು ಮುಚ್ಚಿದಾಗ ವಿಶ್ವವಿದ್ಯಾಲಯದ ಹಳೆಯ ಗುರಿಯೂ ಮುಗಿಯಿತು. ಆದರೆ ಹೊಸ ಜನಸಾಗರಕ್ಕೆ ವೈದ್ಯರು, ಶಿಕ್ಷಕರು, ಎಂಜಿನಿಯರುಗಳು ಬೇಕಿದ್ದರು. ದೂರದ ದೇಶಕ್ಕೆ ದೀಪವಾಗಬೇಕಿದ್ದ ಸಂಸ್ಥೆ ನೆಲೆನಿಂತ ಊರಿನ ಅಗತ್ಯವಾಯಿತು. ವಸಾಹತು ಸರಕಾರದ ಅನುದಾನಕ್ಕೂ ಸಮರ್ಥನೆ ದೊರೆಯಿತು.

1962ರಲ್ಲಿ ನೈಟ್ ಪದವಿ ಪಡೆದ ರೈಡ್, 1964ರಲ್ಲಿ ನಿವೃತ್ತರಾದರು. ಅದರ ಹಿಂದಿನ ವರ್ಷ, 1963ರಲ್ಲಿ, ಒಂದನ್ನೇ ಸಲಹಲಾರದೆಂದು ಶಂಕಿಸಲಾಗಿದ್ದ ವಸಾಹತಿನಲ್ಲಿ ಎರಡನೆಯ ವಿಶ್ವವಿದ್ಯಾಲಯವಾಗಿ ಹಾಂಗ್‌ಕಾಂಗ್ ಚೀನೀ ವಿಶ್ವವಿದ್ಯಾಲಯ ಸ್ಥಾಪನೆಯಾಗಿತ್ತು. ಪತ್ನಿ ಮೇ ಅವರೊಡನೆ ಮಕಾವ್‌ನ ಹಳೆಯ ಪ್ರಾಟೆಸ್ಟೆಂಟ್ ಸ್ಮಶಾನದ ಸಮಾಧಿಗಳನ್ನು ದಾಖಲಿಸಿದ ರೈಡ್, 1977ರಲ್ಲಿ ನಿಧನರಾದರು. ಯುದ್ಧಾನಂತರದ ಪ್ರಶ್ನೆ ಕೇವಲ ಬೊಕ್ಕಸದ್ದಾಗಿರಲಿಲ್ಲ; ವಿಶ್ವವಿದ್ಯಾಲಯ ಯಾರಿಗಾಗಿ ಎಂಬುದೂ ಆಗಿತ್ತು. ಅದು ತೀರ್ಮಾನವಾದ ಮೇಲೆ ಹಣದ ದಾರಿಯೂ ತೆರೆಯಿತು.