ಸಿದ್ದಾಪುರದ ಹೆಗಡೆ, ವಿದೇಶಿ ಬಂಡವಾಳ ಮತ್ತು ತೆರೆದ ಬಾಗಿಲು

ರಾಮಕೃಷ್ಣ ಹೆಗಡೆ ಎಂದೊಡನೆ ರಾಜ್ಯದ ಜನತೆಗೆ ನೆನಪಾಗುವುದು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ, ಪಂಚಾಯತ್ ರಾಜ್, ಲೋಕಾಯುಕ್ತ ಹಾಗೂ ದೂರವಾಣಿ ಕದ್ದಾಲಿಕೆ ಹಗರಣ. ಇವುಗಳ ನಡುವೆ ಮರೆಯಾಗಿರುವ ಒಂದು ಅಧ್ಯಾಯವಿದೆ. 1998ರ ಮಾರ್ಚ್‌ನಿಂದ 1999ರ ಅಕ್ಟೋಬರ್‌ವರೆಗೆ ಅವರು ಕೇಂದ್ರದ ವಾಣಿಜ್ಯ ಸಚಿವರಾಗಿದ್ದರು. ವಿದೇಶಿ ಹೂಡಿಕೆದಾರರು ಭಾರತದ ಷೇರುಪೇಟೆಯನ್ನು ಮೊದಲ ಬಾರಿಗೆ ಗಂಭೀರ ಅನುಮಾನದಿಂದ ನೋಡಿದ ಕಾಲವದು. ಆ ಹತ್ತೊಂಬತ್ತು ತಿಂಗಳುಗಳ ಅವರ ನಿರ್ಧಾರಗಳು ಬೆಂಗಳೂರಿಗೆ ಒಂದು ಬಗೆಯಾಗಿ, ಅವರ ಹುಟ್ಟೂರು ಸಿದ್ದಾಪುರಕ್ಕೆ ಇನ್ನೊಂದು ಬಗೆಯಾಗಿ ಪರಿಣಮಿಸಿದವು.

ಹೆಗಡೆಯವರು ಜನಿಸಿದ್ದು 1926ರ ಆಗಸ್ಟ್ 29ರಂದು, ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ. ಅಡಿಕೆ ತೋಟ, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ನಡುವೆ ಏಲಕ್ಕಿ. ಈ ಸೀಮೆಯ ಹವ್ಯಕ ಕುಟುಂಬಗಳ ಬದುಕು ಇಂದಿಗೂ ಇವುಗಳ ಮೇಲೆಯೇ ನಿಂತಿದೆ. ಆಗ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕಾನೂನುಭಂಗ ಚಳವಳಿಯಲ್ಲಿ ಸಿದ್ದಾಪುರ ಮತ್ತು ಅಂಕೋಲಾದ ರೈತರು ಕರ ನಿರಾಕರಿಸಿ ಜಮೀನು ಕಳೆದುಕೊಂಡಾಗ ಹೆಗಡೆ ಇನ್ನೂ ಬಾಲಕ. ಕಾಶಿ ವಿದ್ಯಾಪೀಠದಲ್ಲಿ ಓದಿ, ಲಖನೌ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದ ಅವರು ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಪಾಲ್ಗೊಂಡು ಸೆರೆಮನೆ ಕಂಡರು.

ಇಲ್ಲೊಂದು ಮಾತು ಹೇಳಬೇಕು. ಮಲೆನಾಡಿನ ಈ ಮೂಲೆಗೆ ವಿದೇಶಿ ವ್ಯಾಪಾರ ಹೊಸದೇನಲ್ಲ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದಿದ್ದರು. ಪರದೇಶದ ಹಣ ಬಂದರೆ ಬೆಲೆ ಏರುತ್ತದೆ, ಹಡಗು ಬಾರದಿದ್ದರೆ ಬೆಲೆ ಬೀಳುತ್ತದೆ ಎಂಬ ಪಾಠ ಈ ತೋಟಗಳಿಗೆ ಶತಮಾನಗಳ ಹಿಂದೆಯೇ ಆಗಿತ್ತು. ವ್ಯಾಪಾರಸ್ಥರ ಹಿಡಿತದಿಂದ ಬೆಳೆಗಾರರನ್ನು ಬಿಡಿಸಲೆಂದು ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ 1923ರಲ್ಲಿಯೇ, ಅಂದರೆ ಹೆಗಡೆ ಹುಟ್ಟುವುದಕ್ಕೆ ಮೂರು ವರ್ಷ ಮೊದಲು, ಸ್ಥಾಪನೆಗೊಂಡಿತ್ತು.

ಏಕೀಕರಣದ ನಂತರ 1957ರಲ್ಲಿ ಮೈಸೂರು ವಿಧಾನಸಭೆಗೆ ಆಯ್ಕೆಯಾದ ಹೆಗಡೆ ಉಪಸಚಿವರಾದರು. ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಸಂಪುಟಗಳಲ್ಲಿ ಸಹಕಾರ, ಕೈಗಾರಿಕೆ, ಹಣಕಾಸು ಖಾತೆಗಳನ್ನು ನಿರ್ವಹಿಸಿದರು. ಮುಖ್ಯಮಂತ್ರಿಯಾದ ಮೇಲೂ ಬಜೆಟ್ ಮಂಡಿಸಿದ ಅವರ ಒಟ್ಟು ಬಜೆಟ್‌ಗಳ ಸಂಖ್ಯೆ 13. 2023ರ ಜುಲೈನಲ್ಲಿ ಸಿದ್ದರಾಮಯ್ಯನವರು 14ನೆಯ ಬಜೆಟ್ ಮಂಡಿಸುವವರೆಗೆ ಅದನ್ನು ಯಾರೂ ಮೀರಿರಲಿಲ್ಲ. 1969ರ ಕಾಂಗ್ರೆಸ್ ವಿಭಜನೆಯಲ್ಲಿ ನಿಜಲಿಂಗಪ್ಪನವರ ಜೊತೆ ನಿಂತರು, ತುರ್ತುಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದರು, 1978ರಲ್ಲಿ ರಾಜ್ಯಸಭೆ ಪ್ರವೇಶಿಸಿದರು. 1983ರ ಜನವರಿ 10ರಂದು ಮುಖ್ಯಮಂತ್ರಿಯಾದರು.

ಅವರ ಅಧಿಕಾರಾವಧಿಯಲ್ಲಿ, 1985ರಲ್ಲಿ, ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಉಪಗ್ರಹ ಸಂಪರ್ಕದ ತಟ್ಟೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆ ಇಂದಿಗೂ ಪ್ರಚಲಿತ. ಇದರ ಕೀರ್ತಿಯನ್ನು ಪೂರ್ತಿಯಾಗಿ ಹೆಗಡೆಯವರಿಗೆ ಸಲ್ಲಿಸುವುದು ಉತ್ಪ್ರೇಕ್ಷೆಯಾದೀತು. ಕೇಂದ್ರದ 1984ರ ಕಂಪ್ಯೂಟರ್ ನೀತಿ, ಭಾರತೀಯ ವಿಜ್ಞಾನ ಸಂಸ್ಥೆ, ಸಾರ್ವಜನಿಕ ಉದ್ಯಮಗಳು ತರಬೇತುಗೊಳಿಸಿದ ಎಂಜಿನಿಯರುಗಳು, ಆರ್.ಕೆ. ಬಾಳಿಗ ಅವರು ಕಿಯೋನಿಕ್ಸ್ ಮೂಲಕ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿ ಇವೆಲ್ಲ ಕಾರಣಗಳು. ಆದರೆ ವಿದೇಶಿ ಕಂಪನಿಗಳನ್ನು ಸಂಶಯದಿಂದ ಕಾಣುತ್ತಿದ್ದ ಆ ದಿನಗಳಲ್ಲಿ ಅವುಗಳೊಡನೆ ಸಂಕೋಚವಿಲ್ಲದೆ ವ್ಯವಹರಿಸಿದ ಸರ್ಕಾರ ಅವರದು ಎಂಬುದನ್ನು ಒಪ್ಪಲೇಬೇಕು.

ಸಾರಾಯಿ ಬಾಟ್ಲಿಂಗ್ ಗುತ್ತಿಗೆ ಕುರಿತು ಹೈಕೋರ್ಟ್ ಟೀಕಿಸಿದಾಗ 1986ರಲ್ಲಿ ರಾಜೀನಾಮೆ ಕೊಟ್ಟು ಮೂರೇ ದಿನಕ್ಕೆ ಹಿಂಪಡೆದದ್ದು, 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆ ಪ್ರಕರಣದಿಂದ ಅಧಿಕಾರ ಬಿಟ್ಟದ್ದು ಎಲ್ಲರಿಗೂ ತಿಳಿದ ಸಂಗತಿ. ವಿ.ಪಿ. ಸಿಂಗ್ ಸರ್ಕಾರದಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾದರೂ ಕುಲದೀಪ್ ಸಿಂಗ್ ಆಯೋಗದ ವರದಿಯ ಬಳಿಕ 1990ರಲ್ಲಿ ಆ ಸ್ಥಾನವನ್ನೂ ತ್ಯಜಿಸಬೇಕಾಯಿತು. 1991ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ಸೋತರು.

ಅದೇ ವರ್ಷ ದೇಶ ಚಿನ್ನ ಅಡವಿಟ್ಟು ವಿದೇಶಿ ವಿನಿಮಯ ತಂದಿತು. ಆರ್ಥಿಕ ಉದಾರೀಕರಣ ಆರಂಭವಾಯಿತು. 1992ರ ಸೆಪ್ಟೆಂಬರ್‌ನಲ್ಲಿ ವಿದೇಶಿ ಸಾಂಸ್ಥಿಕ ಹೂಡಿಕೆದಾರರಿಗೆ ಭಾರತದ ಷೇರುಪೇಟೆ ತೆರೆಯಿತು. ಸೆಬಿಯಲ್ಲಿ ನೋಂದಣಿ ಕಡ್ಡಾಯ. ಯಾವುದೇ ಕಂಪನಿಯಲ್ಲಿ ಅಂಥ ಸಂಸ್ಥೆಗಳೆಲ್ಲ ಸೇರಿ ಹೊಂದಬಹುದಾದ ಪಾಲು ಶೇ 24. 1997ರಲ್ಲಿ, ಷೇರುದಾರರು ಒಪ್ಪಿದರೆ, ಈ ಮಿತಿಯನ್ನು ಶೇ 30ಕ್ಕೆ ಏರಿಸಲು ಅವಕಾಶ ದೊರೆಯಿತು. ಅಸಲನ್ನೂ ಲಾಭವನ್ನೂ ಮರಳಿ ಒಯ್ಯಬಹುದಿತ್ತು. ಪಿಂಚಣಿ ನಿಧಿ, ಮ್ಯೂಚುವಲ್ ಫಂಡ್‌ಗಳಿಗೆ ದ್ವಾರ ತೆರೆದಿತ್ತಾದರೂ, ಸಾಮಾನ್ಯ ವಿದೇಶಿ ವ್ಯಕ್ತಿಯೊಬ್ಬ ನೇರವಾಗಿ ಭಾರತದ ಷೇರು ಕೊಳ್ಳಲು 2012ರವರೆಗೆ ಕಾಯಬೇಕಾಯಿತು.

ಈ ದ್ವಾರದಿಂದ ಕನ್ನಡ ನಾಡಿಗೆ ದೊರೆತ ಪ್ರಯೋಜನಕ್ಕೆ ಇನ್ಫೋಸಿಸ್ ಉದಾಹರಣೆ. 1993ರಲ್ಲಿ ಷೇರೊಂದಕ್ಕೆ 95 ರೂಪಾಯಿಯಂತೆ ಕಂಪನಿ ಸಾರ್ವಜನಿಕರ ಮುಂದೆ ಬಂದಾಗ ಸಾಕಷ್ಟು ಅರ್ಜಿಗಳು ಬರಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಶೇ 13ರಷ್ಟು ಪಾಲನ್ನು ಅದೇ ಬೆಲೆಗೆ ಕೊಂಡು ಕೈಹಿಡಿಯಿತು. ನಮ್ಮವರು ಹಿಂಜರಿದ ಕಡೆ ಪರದೇಶದವರು ನಂಬಿಕೆ ಇಟ್ಟರು.

ಜನತಾದಳದಿಂದ 1996ರಲ್ಲಿ ಉಚ್ಚಾಟಿತರಾದ ಹೆಗಡೆ ಲೋಕಶಕ್ತಿ ಪಕ್ಷ ಕಟ್ಟಿ, ಬಿಜೆಪಿಯೊಡನೆ ಕೈಜೋಡಿಸಿ, 1998ರ ಮಾರ್ಚ್‌ನಲ್ಲಿ ವಾಜಪೇಯಿ ಸಂಪುಟ ಸೇರಿದರು. ಏಪ್ರಿಲ್‌ನಲ್ಲಿ ಅವರು ಪ್ರಕಟಿಸಿದ ಆಮದು-ರಫ್ತು ನೀತಿ 340 ಸರಕುಗಳನ್ನು ನಿರ್ಬಂಧಿತ ಪಟ್ಟಿಯಿಂದ ಹೊರತೆಗೆಯಿತು. ಮರುತಿಂಗಳು, ಮೇ 11 ಮತ್ತು 13ರಂದು, ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ನಡೆಯಿತು. ಅಮೆರಿಕ, ಜಪಾನ್ ಮೊದಲಾದ ರಾಷ್ಟ್ರಗಳು ದಿಗ್ಬಂಧನ ಹೇರಿದವು. ಅದೇ ತಿಂಗಳ 18ರಿಂದ ಜಿನೀವಾದಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಸಚಿವರ ಸಮ್ಮೇಳನ. ಪರೀಕ್ಷೆಯ ಬಿಸಿ ಆರುವ ಮುನ್ನವೇ ದೇಶದ ವಾಣಿಜ್ಯ ನಿಲುವನ್ನು ಅಲ್ಲಿ ಮಂಡಿಸುವ ಹೊಣೆ ಹೆಗಡೆಯವರ ಪಾಲಿಗೆ ಬಂತು.

ಷೇರುಪೇಟೆಯ ಸ್ಥಿತಿ ಇನ್ನೂ ಕಠಿಣವಾಗಿತ್ತು. ಏಪ್ರಿಲ್‌ನಲ್ಲಿ 4,000 ದಾಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ವೇಳೆಗೆ 3,000ಕ್ಕಿಂತ ಕೆಳಗಿಳಿಯಿತು. ಪೂರ್ವ ಏಷ್ಯಾದ ಬಿಕ್ಕಟ್ಟು, ಆಗಸ್ಟ್‌ನಲ್ಲಿ ರಷ್ಯಾದ ಸಾಲ ಸುಸ್ತಿ, ದೇಶದೊಳಗೆ ಯುಟಿಐನ ಯುಎಸ್-64 ಯೋಜನೆಯ ಕುಸಿತ ಒಂದರ ಮೇಲೊಂದು ಎರಗಿದವು. ಮಾರುಕಟ್ಟೆ ತೆರೆದ ಮೇಲೆ ಮೊದಲ ಬಾರಿಗೆ, 1998-99ನೇ ಸಾಲಿನಲ್ಲಿ, ವಿದೇಶಿ ಸಂಸ್ಥೆಗಳು ತಂದ ಹಣಕ್ಕಿಂತ ಒಯ್ದ ಹಣವೇ ಹೆಚ್ಚಾಯಿತು. ವಿಶ್ವಾಸ ಮರಳಿಸಲು ಸ್ಟೇಟ್ ಬ್ಯಾಂಕ್ ಅನಿವಾಸಿ ಭಾರತೀಯರಿಗಾಗಿ ರಿಸರ್ಜೆಂಟ್ ಇಂಡಿಯಾ ಬಾಂಡ್ ಬಿಡುಗಡೆ ಮಾಡಿ, ಆಗಸ್ಟ್ ತಿಂಗಳೊಂದರಲ್ಲಿಯೇ ಸುಮಾರು 4.2 ಶತಕೋಟಿ ಡಾಲರ್ ಸಂಗ್ರಹಿಸಿತು.

ಷೇರುಪೇಟೆ ಹಣಕಾಸು ಸಚಿವ ಯಶವಂತ ಸಿನ್ಹಾ ಅವರ ವ್ಯಾಪ್ತಿ, ಹೆಗಡೆಯವರದಲ್ಲ. ಆದರೆ ದೂರದಲ್ಲಿ ಕುಳಿತ ಹೂಡಿಕೆದಾರ ಒಂದು ದೇಶವನ್ನು ಅಳೆಯುವಾಗ ಷೇರಿನ ಬೆಲೆಯನ್ನಷ್ಟೇ ನೋಡುವುದಿಲ್ಲ. ಆ ದೇಶ ವ್ಯಾಪಾರದ ಬಾಗಿಲನ್ನು ಮತ್ತೆ ಮುಚ್ಚಿಕೊಳ್ಳುವುದೇ ಎಂಬುದನ್ನೂ ನೋಡುತ್ತಾನೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ವಾಣಿಜ್ಯ ಖಾತೆ. ದಿಗ್ಬಂಧನಕ್ಕೆ ಪ್ರತಿಯಾಗಿ ಸ್ವದೇಶಿ ಗೋಡೆ ಎತ್ತಬೇಕೆಂಬ ಒತ್ತಡ ಸರ್ಕಾರದ ಬೆಂಬಲಿಗರಲ್ಲಿಯೇ ಇದ್ದಾಗ, ಹೆಗಡೆ ವಿರುದ್ಧ ದಿಕ್ಕಿನಲ್ಲಿ ಸಾಗಿದರು. 1999ರ ಮಾರ್ಚ್ 31ರ ನೀತಿಯಲ್ಲಿ ಮತ್ತೆ 894 ಸರಕುಗಳ ಆಮದು ಮುಕ್ತವಾಯಿತು. ರಫ್ತು ಸಂಸ್ಕರಣಾ ವಲಯಗಳನ್ನು ಮುಕ್ತ ವ್ಯಾಪಾರ ವಲಯಗಳಾಗಿಸುವ ನಿರ್ಧಾರ ಹೊರಬಿತ್ತು. ಆಮದು ನಿರ್ಬಂಧಗಳ ವಿಚಾರದಲ್ಲಿ ಅಮೆರಿಕ ಹೂಡಿದ್ದ ದೂರಿನಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಸಮಿತಿ ಭಾರತದ ವಿರುದ್ಧ ವರದಿ ನೀಡಿದ್ದು ಅದರ ಮರುವಾರವೇ. ಬಾಗಿಲನ್ನು ತಾವಾಗಿ ತೆರೆಯದಿದ್ದರೆ ಪರರು ತೆರೆಸುವರೆಂಬ ಲೆಕ್ಕಾಚಾರ ಅವರದಾಗಿತ್ತೆಂದು ಊಹಿಸಬಹುದು.

ಅದೇ 1999ರ ಮಾರ್ಚ್ 11ರಂದು ಇನ್ಫೋಸಿಸ್ ಅಮೆರಿಕದ ನಾಸ್ಡಾಕ್‌ನಲ್ಲಿ ನೋಂದಣಿಯಾದ ಮೊದಲ ಭಾರತೀಯ ಕಂಪನಿಯಾಯಿತು. ದಿಗ್ಬಂಧನದ ನೆರಳು ಇನ್ನೂ ಸರಿಯದಿದ್ದಾಗಲೇ ಬೆಂಗಳೂರಿನ ಕಂಪನಿಯ ಷೇರನ್ನು ಅಮೆರಿಕದ ಹೂಡಿಕೆದಾರರು ಡಾಲರ್ ತೆತ್ತು ಕೊಂಡರು.

ಸಿದ್ದಾಪುರದ ಲೆಕ್ಕ ಬೇರೆ. 1998ರ ಡಿಸೆಂಬರ್ 28ರಂದು ಭಾರತ ಮತ್ತು ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಸಹಿ ಪ್ರಧಾನಿಯವರದು, ಖಾತೆ ದೊಡ್ಮನೆಯ ಮಗನದು. 2000ದ ಮಾರ್ಚ್‌ನಿಂದ ಒಪ್ಪಂದ ಜಾರಿಗೆ ಬಂದ ಮೇಲೆ ಲಂಕೆಯ ಮೆಣಸು ಸುಂಕದ ರಿಯಾಯಿತಿಯೊಂದಿಗೆ ಒಳಬರತೊಡಗಿತು. ಬೇರೆ ದೇಶಗಳ ಮಾಲೂ ಲಂಕೆಯ ಹೆಸರಿನಲ್ಲಿ ಬರುತ್ತಿದೆ ಎಂಬ ದೂರು ಬೆಳೆಗಾರರಿಂದ ಕೇಳಿಬಂತು. 1999ರ ಸುಮಾರಿಗೆ ಕಿಲೋಗೆ 200 ರೂಪಾಯಿ ದಾಟಿದ್ದ ಕಾಳುಮೆಣಸು ಕೆಲವೇ ವರ್ಷಗಳಲ್ಲಿ 100ಕ್ಕಿಂತ ಕೆಳಗಿಳಿಯಿತು. ಅಡಿಕೆಯ ಧಾರಣೆಯೂ ನೆಲಕಚ್ಚಿತು. ಮೆಣಸಿನ ಕುಸಿತಕ್ಕೆ ವಿಯೆಟ್ನಾಂನ ಬೆಳೆ ಮಿತಿಮೀರಿ ಹೆಚ್ಚಿದ್ದೇ ಮುಖ್ಯ ಕಾರಣವಾದರೂ, ತೋಟದ ಮಾಲೀಕನಿಗೆ ಕಂಡದ್ದು ದೆಹಲಿಯ ಸಹಿ. ವಿದೇಶಿ ನಿಧಿಗೆ ಇಷ್ಟವಾಗದಿದ್ದರೆ ಷೇರನ್ನು ಒಂದು ಮಧ್ಯಾಹ್ನದಲ್ಲಿ ಮಾರಿ ಹೊರಡಬಹುದು. ಫಲ ಕೊಡಲು ವರ್ಷಗಳನ್ನೇ ತೆಗೆದುಕೊಳ್ಳುವ ಅಡಿಕೆ ಮರದ ಒಡೆಯನಿಗೆ ಆ ಸೌಕರ್ಯವಿಲ್ಲ. ಈ ವ್ಯತ್ಯಾಸವನ್ನು ಹೆಗಡೆಯವರಷ್ಟು ಹತ್ತಿರದಿಂದ ಬಲ್ಲ ವಾಣಿಜ್ಯ ಸಚಿವರು ವಿರಳ. ಆದರೂ ತೋಟದ ಬೆಳೆಗಾರರಿಗೆ ಸಾಕಷ್ಟು ರಕ್ಷಣೆ ಒದಗಿಸದೆ ಒಪ್ಪಂದ ಮುಗಿಸಲಾಯಿತು ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ.

1999ರ ಅಕ್ಟೋಬರ್‌ನಲ್ಲಿ ರಚನೆಯಾದ ಸರ್ಕಾರದಲ್ಲಿ ಅವರಿಗೆ ಸ್ಥಾನ ದೊರೆಯಲಿಲ್ಲ. ವಾಣಿಜ್ಯ ಖಾತೆ ಮುರಸೋಳಿ ಮಾರನ್ ಅವರ ಪಾಲಾಯಿತು. 2002ರಲ್ಲಿ ರಾಜ್ಯಸಭಾ ಅವಧಿ ಮುಗಿದ ನಂತರ ಹೆಗಡೆ ಅಸ್ವಸ್ಥತೆಯಿಂದ ಬಳಲಿ, 2004ರ ಜನವರಿ 12ರಂದು ಬೆಂಗಳೂರಿನಲ್ಲಿ ನಿಧನರಾದರು. ಆ ತಿಂಗಳ ಮೊದಲ ದಿನಗಳಲ್ಲಿ ವಿದೇಶಿ ನಿಧಿಗಳ ಖರೀದಿಯ ಭರದಲ್ಲಿ ಸೆನ್ಸೆಕ್ಸ್ 6,000ದ ಗಡಿ ದಾಟಿತ್ತು. ಶಿರಸಿ-ಸಿದ್ದಾಪುರದ ಬೆಳೆಗಾರರು ಹೊಸ ಕೊಯ್ಲನ್ನು ಅಂಗಳದಲ್ಲಿ ಒಣಗಿಸುತ್ತ ಧಾರಣೆ ಏರುವುದನ್ನು ಕಾಯುತ್ತಿದ್ದರು.