ಜೀತದ ಸಾಲ ಅಳಿಸಿದ ಅರಸು

ಕ್ರಿಸ್ಮಸ್ ಹಬ್ಬಕ್ಕೆ ಮಕ್ಕಳಿಗೆ ಹೊಸ ಬಟ್ಟೆ ಕೊಳ್ಳಲು ನೀವು ಮೈಸೂರಿನ ದೇವರಾಜ ಅರಸು ರಸ್ತೆಗೆ ಹೋಗಿಯೇ ಇರುತ್ತೀರಿ. ಈ ಅರಸು ಯಾರೆಂದು ಮಕ್ಕಳು ಕೇಳಿದರೆ, ಹಿಂದೆ ಮುಖ್ಯಮಂತ್ರಿಯಾಗಿದ್ದರು ಎಂದಷ್ಟೇ ಹೇಳಿ ಸುಮ್ಮನಾಗಬೇಡಿ.

ದೇವರಾಜ ಅರಸರು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಮೈಸೂರು, ಬೆಂಗಳೂರುಗಳಲ್ಲಿ ಓದಿ, ಊರಿಗೆ ಮರಳಿ ಬೇಸಾಯಕ್ಕೆ ನಿಂತರು. 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಆರಿಸಿಬಂದರು, 1972ರಲ್ಲಿ ಮುಖ್ಯಮಂತ್ರಿಯಾದರು. 1974ರಲ್ಲಿ ಭೂಸುಧಾರಣೆ ಕಾನೂನಿಗೆ ತಂದ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆಯರಾದ ಕಥೆ ನಿಮಗೆ ಗೊತ್ತೇ ಇದೆ.

ಭೂಮಿಯೇ ಇಲ್ಲದವನ ಗತಿ ಏನು? ಜೀತವೆಂದರೆ ಏನೆಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಮದುವೆಗೋ ಸಾವಿಗೋ ತಂದೆ ಒಂದಿಷ್ಟು ಸಾಲ ಮಾಡುತ್ತಿದ್ದ. ಅದಕ್ಕೆ ಪ್ರತಿಯಾಗಿ ದನ ಕಾಯುವ ವಯಸ್ಸಿನ ಮಗ ಧಣಿಯ ಮನೆ ಸೇರುತ್ತಿದ್ದ. ಕೂಲಿಯಿಲ್ಲ, ರಜೆಯಿಲ್ಲ, ದುಡಿದ ದಿನಗಳ ಲೆಕ್ಕವಿಲ್ಲ. ಸಾಲದ ಲೆಕ್ಕ ಮಾತ್ರ ಧಣಿಯ ಪುಸ್ತಕದಲ್ಲಿ. ದುಡಿದವನಿಗೆ ಓದು ಬಾರದು. ವರ್ಷವಿಡೀ ದುಡಿದರೂ ತೀರುತ್ತಿದ್ದದ್ದು ಬಡ್ಡಿ. ಅಸಲು ಮಕ್ಕಳ ತಲೆಗೆ.

1975ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಜೀತಪದ್ಧತಿ ರದ್ದುಮಾಡಿ ಸುಗ್ರೀವಾಜ್ಞೆ ಹೊರಡಿಸಿತು. 1976ರಲ್ಲಿ ಅದು ಕಾಯ್ದೆಯಾಯಿತು. ಜೀತದ ಸಾಲವೆಲ್ಲ ಅಳಿಸಿಹೋಯಿತು. ಅದೇ ವರ್ಷ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದು, ಭೂಹೀನ ಕೂಲಿಗಳ, ಬಡ ರೈತರ ಖಾಸಗಿ ಸಾಲ ತೊಡೆದುಹಾಕಿತು. ಅಡವಿಟ್ಟ ವಸ್ತುಗಳನ್ನೂ ಬಿಡಿಸಿಕೊಟ್ಟಿತು. ಯಾಜಕಕಾಂಡದ ಐವತ್ತನೆಯ ವರ್ಷವನ್ನು ನೀವು ಪ್ರಸಂಗದಲ್ಲಿ ಕೇಳಿದ್ದೀರಿ. ಸಾಲಕ್ಕೆ ಸಿಕ್ಕು ದುಡಿಯುತ್ತಿದ್ದವನು ಮಕ್ಕಳೊಡನೆ ತನ್ನ ಮನೆಗೆ ಮರಳುವ ವರ್ಷ ಅದು. ನಮ್ಮ ಹಳ್ಳಿಗಳಿಗೆ ಅಂಥದೊಂದು ವರ್ಷ ಸರ್ಕಾರಿ ಆದೇಶದ ರೂಪದಲ್ಲಿ ಬಂತು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅದು ತುರ್ತು ಪರಿಸ್ಥಿತಿಯ ಕಾಲ. ಸರ್ಕಾರವನ್ನು ಎದುರಿಸಿ ಮಾತನಾಡಿದವರು ಸೆರೆಮನೆಯಲ್ಲಿದ್ದರು. ಬಿಡುಗಡೆಯಾದ ಜೀತದಾಳುಗಳಲ್ಲೂ ಎಷ್ಟೋ ಜನ ಮರುದಿನದ ಅನ್ನಕ್ಕಾಗಿ ಹಳೆಯ ಧಣಿಯ ಬಾಗಿಲಿಗೇ ಹೋಗಬೇಕಾಯಿತು. ಸಾಲ ಅಳಿಸಿದಷ್ಟು ಬೇಗ ಕೆಲಸ ಹುಟ್ಟಲಿಲ್ಲ.

ಅರಸರು 1980ರ ಜನವರಿಯಲ್ಲಿ ಅಧಿಕಾರ ಬಿಟ್ಟರು. 1982ರ ಜೂನ್ 6ರಂದು ತೀರಿಕೊಂಡರು. ಮನೆಗೆಲಸದವರಿಗೆ ಕರ್ನಾಟಕ ಸರ್ಕಾರ ಕನಿಷ್ಠ ವೇತನ ನಿಗದಿ ಮಾಡಿದ್ದು ಅದಾಗಿ ಎರಡು ದಶಕಗಳ ಮೇಲೆ, 2004ರಲ್ಲಿ. ಇಂದೂ ನಮ್ಮ ಊರಿನಲ್ಲಿ ಮನೆಯಲ್ಲೇ ಕುಳಿತು ಊದುಬತ್ತಿ ಹೊಸೆಯುವ, ಬೀಡಿ ಕಟ್ಟುವ ತಾಯಂದಿರಲ್ಲಿ ಅನೇಕರ ಕೈಯಲ್ಲಿ ಕೆಲಸಕ್ಕೆ ಸಾಕ್ಷಿಯಾಗಿ ಒಂದು ಚೀಟಿಯೂ ಇಲ್ಲ. ನಿಮ್ಮ ಮನೆಯ ಪಾತ್ರೆ ತೊಳೆಯುವಾಕೆಗೆ ಮುಂಗಡ ಕೊಟ್ಟು ತಿಂಗಳು ತಿಂಗಳು ಮುರಿದುಕೊಳ್ಳುತ್ತಿದ್ದೀರಾ? ಕೊಟ್ಟದ್ದೆಷ್ಟು, ತೀರಿದ್ದೆಷ್ಟು ಎಂದು ಬರೆದ ಒಂದು ಪುಸ್ತಕ ಆಕೆಯ ಬಳಿಯೂ ಇರಲಿ.