ವಾಸನೆ, ರುಚಿ ಕಳೆದುಕೊಂಡ ಛಾಯಾಗ್ರಾಹಕ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಣ್ಣು ಮುಚ್ಚಿಕೊಂಡು ನಿಂತರೂ ಹೂವಿನ ಅಂಗಡಿ ಯಾವ ಕಡೆ ಇದೆ ಎಂದು ಮೂಗು ಹೇಳಿಬಿಡುತ್ತದೆ. ಭದ್ರಾವತಿಯ ಮನೆಯೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ ತೆರೆದರೆ ಪಕ್ಕದ ಕೋಣೆಯವರ ಬಾಯಲ್ಲೂ ನೀರೂರುತ್ತದೆ. ಮಕ್ಕಳೇ, ಒಂದು ದಿನ ಎಚ್ಚರವಾದಾಗ ಈ ಯಾವ ವಾಸನೆಯೂ ತಿಳಿಯದೆ, ಊಟವೆಲ್ಲ ಸಪ್ಪೆ ಎನಿಸಿದರೆ ಹೇಗಿರುತ್ತದೆ? ದೂರದ ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬವರಿಗೆ ಹೀಗೆಯೇ ಆಯಿತು.

ಮೈಬ್ರಿಜ್ ಹುಟ್ಟಿದ್ದು 1830ರ ಏಪ್ರಿಲ್ 9ರಂದು, ಇಂಗ್ಲೆಂಡಿನ ಕಿಂಗ್‌ಸ್ಟನ್ ಪಟ್ಟಣದಲ್ಲಿ. ಯುವಕರಾಗಿದ್ದಾಗ ಅಮೆರಿಕಕ್ಕೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಪುಸ್ತಕದ ಅಂಗಡಿ ಇಟ್ಟರು. 1860ರ ಜುಲೈನಲ್ಲಿ ಊರಿನ ಕಡೆ ಹೊರಟು ಕುದುರೆಗಾಡಿ ಹತ್ತಿದರು. ಟೆಕ್ಸಾಸ್ ಪ್ರಾಂತ್ಯದಲ್ಲಿ ಕುದುರೆಗಳು ಹಿಡಿತ ತಪ್ಪಿ ಓಡಿದವು. ಮೈಬ್ರಿಜ್ ಗಾಡಿಯಿಂದ ಹೊರಗೆ ಎಸೆಯಲ್ಪಟ್ಟು ತಲೆಗೆ ಬಲವಾದ ಪೆಟ್ಟು ತಿಂದರು. ಪ್ರಜ್ಞೆ ಬರುವಷ್ಟರಲ್ಲಿ ಹಲವು ದಿನ ಕಳೆದಿದ್ದವು. ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ವಾಸನೆ ಇಲ್ಲ, ರುಚಿ ಇಲ್ಲ.

ಪೆಟ್ಟು ಬಿದ್ದದ್ದು ತಲೆಗೆ, ನಾಲಿಗೆಗಲ್ಲ. ಮತ್ತೆ ರುಚಿ ಏಕೆ ಹೋಯಿತು? ಒಂದು ಸಣ್ಣ ಪ್ರಯೋಗ ಮಾಡಿ. ಮೂಗನ್ನು ಬಿಗಿಯಾಗಿ ಹಿಡಿದು ಏಲಕ್ಕಿ ಹಾಕಿದ ಪಾಯಸವನ್ನು ಬಾಯಿಗೆ ಹಾಕಿಕೊಳ್ಳಿ. ಸಿಹಿ ಮಾತ್ರ ತಿಳಿಯುತ್ತದೆ. ಮೂಗು ಬಿಟ್ಟೊಡನೆ ಏಲಕ್ಕಿ ಬರುತ್ತದೆ! ಸಿಹಿ, ಹುಳಿ, ಉಪ್ಪು, ಕಹಿಗಳಂಥ ಕೆಲವನ್ನಷ್ಟೇ ನಾಲಿಗೆ ಗುರುತಿಸುತ್ತದೆ. ನಾವು ರುಚಿ ಎನ್ನುವುದರಲ್ಲಿ ಹೆಚ್ಚಿನ ಪಾಲು ವಾಸನೆಯದೇ.

ಮೂಗಿನ ಮೇಲ್ಭಾಗದಲ್ಲಿ ಜರಡಿಯಂತೆ ತೂತುಗಳಿರುವ ತೆಳುವಾದ ಮೂಳೆಯಿದೆ. ಆ ತೂತುಗಳ ಮೂಲಕ ಕೂದಲಿಗಿಂತ ಸಣ್ಣ ನರತಂತುಗಳು ಮಿದುಳಿಗೆ ಹೋಗುತ್ತವೆ. ತಲೆಗೆ ಪೆಟ್ಟು ಬಿದ್ದಾಗ ಮಿದುಳು ಒಳಗೇ ಜರುಗಿ ಈ ತಂತುಗಳು ಹರಿದುಹೋಗಬಹುದು. ಮೂಗಿನ ನರಕೋಶಗಳಿಗೆ ಮತ್ತೆ ಬೆಳೆಯುವ ಶಕ್ತಿ ಇರುವುದರಿಂದ ಕೆಲವರಿಗೆ ತಿಂಗಳುಗಳ ಮೇಲೆ ವಾಸನೆ ಮರಳುತ್ತದೆ. ಕೆಲವರಿಗೆ ಮರಳುವುದೇ ಇಲ್ಲ. ಅಂಥವರಿಗೆ ಅಡುಗೆ ಅನಿಲ ಸೋರಿದರೂ, ಹಾಲು ಸೀದರೂ ತಿಳಿಯುವುದಿಲ್ಲ.

ಮೈಬ್ರಿಜ್ ಲಂಡನ್ನಿನಲ್ಲಿ ವಿಲಿಯಂ ಗಲ್ ಎಂಬ ಹೆಸರಾಂತ ವೈದ್ಯರಿಂದ ಚಿಕಿತ್ಸೆ ಪಡೆದರು. 1867ರ ಹೊತ್ತಿಗೆ ಛಾಯಾಗ್ರಾಹಕರಾಗಿ ಸ್ಯಾನ್ ಫ್ರಾನ್ಸಿಸ್ಕೊಗೆ ಮರಳಿದ್ದರು. ಆದರೆ ಅವರು ಮೊದಲಿನ ಮನುಷ್ಯರಾಗಿರಲಿಲ್ಲ. 1874ರಲ್ಲಿ ಕೋಪದಿಂದ ಒಬ್ಬ ವ್ಯಕ್ತಿಯನ್ನು ಗುಂಡಿಕ್ಕಿ ಕೊಂದರು. ಅಪಘಾತದ ನಂತರ ಅವರ ಸ್ವಭಾವ ಬದಲಾಯಿತೆಂದು ಗೆಳೆಯರು ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು. 1875ರಲ್ಲಿ ಬಿಡುಗಡೆಯಾಯಿತು. ಕೋಪವನ್ನು ಹತೋಟಿಯಲ್ಲಿಡಲು ನೆರವಾಗುವ ಮಿದುಳಿನ ಭಾಗ ಕಣ್ಣುಗಳ ಮೇಲೆ, ವಾಸನೆಯ ನರಗಳ ನೆರೆಯಲ್ಲೇ ಇದೆ. ಎರಡಕ್ಕೂ ಒಟ್ಟಿಗೆ ಪೆಟ್ಟು ಬಿದ್ದಿರಬೇಕೆಂದು ಇಂದಿನ ಕೆಲವು ವಿಜ್ಞಾನಿಗಳು ಊಹಿಸುತ್ತಾರೆ. ಕೊಲೆಗೆ ಆ ಪೆಟ್ಟೊಂದೇ ಕಾರಣ ಎನ್ನಲು ಮಾತ್ರ ಆಗದು.

ಅವರ ಹೆಸರು ಉಳಿದದ್ದು ಬೇರೆ ಕೆಲಸದಿಂದ. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಲೇ ನೆಲ ಬಿಡುತ್ತವೆಯೇ? 1878ರಲ್ಲಿ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ದಾರಗಳನ್ನು ಕಟ್ಟಿದರು. ಕುದುರೆ ಓಡುತ್ತ ದಾರ ತಗುಲಿದಂತೆ ಚಿತ್ರ ಮೂಡಿತು. ಹೌದು, ನೆಲ ಬಿಡುತ್ತವೆ. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲು ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಮಡಚಿದಾಗ! 1887ರಲ್ಲಿ ಪ್ರಾಣಿಗಳ, ಮನುಷ್ಯರ ಚಲನೆಯ 781 ಚಿತ್ರಫಲಕಗಳನ್ನು ಪ್ರಕಟಿಸಿದರು. ಅವುಗಳಲ್ಲಿ ನಡೆಯುವ ಆನೆಯೂ ಇದೆ. ಶಿವಮೊಗ್ಗದ ಬಳಿಯ ಸಕ್ರೆಬೈಲು ಬಿಡಾರಕ್ಕೆ ಹೋದಾಗ ಆನೆ ಯಾವ ಕಾಲಿನ ಹಿಂದೆ ಯಾವ ಕಾಲು ಇಡುತ್ತದೆ ಎಂದು ನೋಡಿ. ಬರಿಗಣ್ಣಿಗೆ ಅದು ಅಷ್ಟು ಸುಲಭವಲ್ಲ.

ಕೊನೆಗೆ ಹುಟ್ಟೂರಿಗೆ ಮರಳಿದ ಮೈಬ್ರಿಜ್ 1904ರ ಮೇ 8ರಂದು ಅಲ್ಲಿಯೇ ತೀರಿಕೊಂಡರು.